ಹೆಂಗಸರು ಬರುವುದಿಲ್ಲ ಎಂಬ ಸುಳ್ಳು

ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಮಾತೆತ್ತಿದರೆ ಸಾಕು, ಸಿದ್ಧ ಉತ್ತರ ಬರುತ್ತದೆ: ಹೆಂಗಸರಿಗೆ ಅರಿವಿಲ್ಲ, ನಾಚಿಕೆ, ಕರೆದರೂ ಬರುವುದಿಲ್ಲ. ಅರಿವು ಮೂಡಿಸುವ ನೆಪದಲ್ಲಿ 2024ರ ಫೆಬ್ರುವರಿಯಲ್ಲಿ ನಟಿ ಪೂನಂ ಪಾಂಡೆ ತಾವು ಇದೇ ಕಾಯಿಲೆಯಿಂದ ಸತ್ತಿರುವುದಾಗಿ ಸುದ್ದಿ ಹಬ್ಬಿಸಿ, ಮರುದಿನ ಪ್ರತ್ಯಕ್ಷರಾದರು. ವರ್ಷಕ್ಕೆ 70 ಸಾವಿರಕ್ಕೂ ಹೆಚ್ಚು ಮಹಿಳೆಯರು ನಿಜವಾಗಿಯೇ ಸಾಯುವ ದೇಶದಲ್ಲಿ ಇದು ಅಸಹ್ಯ.

ಕರೆದರೆ ಬರುತ್ತಾರೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಕೊಳೆಗೇರಿಗಳಲ್ಲೇ ಇದನ್ನು ತೋರಿಸಿಕೊಟ್ಟಿದೆ. ಹತ್ತನೇ ತರಗತಿ ಓದಿದ ಕಾರ್ಯಕರ್ತೆಯರಿಗೆ ನಾಲ್ಕು ವಾರ ತರಬೇತಿ. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಸವರಿ, ಬೆಳ್ಳಗಾದ ಜಾಗವನ್ನು ಗುರುತಿಸುವ ಅಗ್ಗದ ಪರೀಕ್ಷೆ. ಶೇ 89ರಷ್ಟು ಮಹಿಳೆಯರು ಬಂದರು. ತಪಾಸಣೆಯಿಲ್ಲದ ಗುಂಪಿಗಿಂತ ಈ ಕ್ಯಾನ್ಸರ್‌ನ ಸಾವು ಶೇ 31ರಷ್ಟು ಕಡಿಮೆಯಾಯಿತು. ಫಲಿತಾಂಶ ಹೊರಬಂದದ್ದು 2013ರಲ್ಲಿ. ಆಮೇಲೆ ನಾವು ಮಾಡಿದ್ದೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡ 30ರಿಂದ 49 ವಯಸ್ಸಿನವರು ಶೇ 1.9. ಅಲ್ಲಿ 89, ಇಲ್ಲಿ 1.9. ಈ ಅಂತರವನ್ನು ಹೆಂಗಸರ ನಾಚಿಕೆಯ ತಲೆಗೆ ಕಟ್ಟಬೇಡಿ.

ಸಂತಾನಹರಣ ಶಸ್ತ್ರಚಿಕಿತ್ಸೆಗೆ ಇದೇ ಹೆಂಗಸರು ಬರಲಿಲ್ಲವೇ? ಅದೇ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಅವರನ್ನು ಮನೆಮನೆಗೆ ಹೋಗಿ ಹುಡುಕಿ ಕರೆತಂದರು. ಹೆರುವ ತನಕ, ಹೆರುವುದನ್ನು ನಿಲ್ಲಿಸುವ ತನಕ ಸರ್ಕಾರಕ್ಕೆ ಹೆಣ್ಣಿನ ಗರ್ಭಕೋಶ ಬೇಕು. ಆಮೇಲೆ ಅವಳು ಯಾರಿಗೂ ಬೇಡ.

ಕರೆಯುವ ರೀತಿಯಲ್ಲಿ ಕರೆದರೆ ಹೆಂಗಸರು ಬರುತ್ತಾರೆ ಎಂಬುದು ಬೆಂಗಳೂರಿನ ದಂಡು ಪ್ರದೇಶಕ್ಕೆ ಹೊಸ ಪಾಠವೂ ಅಲ್ಲ. ಪರದೆಯ ಹೆಣ್ಣುಮಕ್ಕಳಿಗೆಂದೇ ಹಾಜಿ ಸರ್ ಇಸ್ಮಾಯಿಲ್ ಸೇಠ್ ಶಿವಾಜಿನಗರದಲ್ಲಿ ಘೋಷಾ ಆಸ್ಪತ್ರೆ ಕಟ್ಟಿಸಿದರು. ನಾಚಿಕೆಯನ್ನು ನೆಪ ಮಾಡಿಕೊಳ್ಳದೆ ಅದಕ್ಕೆ ತಕ್ಕ ಜಾಗ ಮಾಡಿಕೊಟ್ಟರು. ಇವತ್ತು ಇಂದಿರಾನಗರದ ಮನೆಯೊಡತಿಯ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಗರ್ಭಕಂಠ ತಪಾಸಣೆಯ ಪ್ಯಾಪ್ ಪರೀಕ್ಷೆ ಸೇರಿರುತ್ತದೆ; ಮರ್ಫಿ ಟೌನಿನಿಂದ ಅವರ ಮನೆಗೆಲಸಕ್ಕೆ ಬರುವವಳಿಗೆ, ಕೆ.ಆರ್. ಪುರದ ಹೌಸ್‌ಕೀಪಿಂಗ್ ಕೆಲಸದವಳಿಗೆ, ಅರ್ಧ ದಿನದ ಕೂಲಿ ಬಿಟ್ಟು ಸರದಿಯಲ್ಲಿ ನಿಲ್ಲು ಎನ್ನುತ್ತೇವೆ.

ಈ ಕಾಯಿಲೆಗೆ ಕಾರಣವಾಗುವ ಎಚ್‌ಪಿವಿ ವೈರಸ್‌ನ ಸೋಂಕು ಕ್ಯಾನ್ಸರ್ ಆಗಿ ಬಲಿಯಲು ಹತ್ತಾರು ವರ್ಷ ಬೇಕು. ಅಷ್ಟು ಕಾಲಾವಕಾಶವಿದ್ದೂ ಹಿಡಿಯದಿದ್ದರೆ ಅದು ಆಡಳಿತದ ಅಪರಾಧ. ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ, ಹೆಂಗಸರ ಕೆಲಸ ಮುಗಿದ ಮೇಲೆ, ಸಂಜೆ ಹೊತ್ತು ತಪಾಸಣೆ ನಡೆಯಲಿ. ಮಾದರಿಯನ್ನು ಹೆಂಗಸರೇ ತೆಗೆದುಕೊಡಬಹುದಾದ ಎಚ್‌ಪಿವಿ ಪರೀಕ್ಷೆ ಅಲ್ಲಿಗೆ ಬರಲಿ. ದೋಷ ಕಂಡವರಿಗೆ ಚೀಟಿ ಬರೆದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಸಾಗಹಾಕಿ ಕೈತೊಳೆದುಕೊಳ್ಳುವುದು ಬೇಡ; ಕ್ಯಾನ್ಸರ್‌ಗೆ ಮುಂಚಿನ ಹಂತದ ಚಿಕಿತ್ಸೆ ಬೌರಿಂಗ್ ಆಸ್ಪತ್ರೆಯಲ್ಲಿ, ಸಿ.ವಿ. ರಾಮನ್ ಆಸ್ಪತ್ರೆಯಲ್ಲಿ, ಹೋದ ದಿನವೇ ಸಿಗಬೇಕು.