ಪುಸ್ತಕದ ಪತ್ತೇದಾರ, ಪರದೆಯ ಪತ್ತೇದಾರ

ಪಠ್ಯಪುಸ್ತಕದ ಮರೆಯಲ್ಲಿ ಪತ್ತೇದಾರಿ ಕಾದಂಬರಿ ಓದುತ್ತ ಸಿಕ್ಕಿಬಿದ್ದ ಹುಡುಗನಿಗೆ ಬೈಗುಳ ತಪ್ಪಿದ್ದಲ್ಲ. ಗೋಕಾಕವಿರಲಿ, ಮೂಡಲಗಿ, ಹುಕ್ಕೇರಿಗಳಿರಲಿ, ಪಾಲಕರ ಈ ಚಿಂತೆ ಹಳೆಯದೇ. ಅದೇ ಬಗೆಯ ಕಥೆ ಟಿ.ವಿ.ಯಲ್ಲಿ ಬಂದರೆ ಮಾತ್ರ ಬೈದವರೂ ಮಕ್ಕಳ ಪಕ್ಕದಲ್ಲೇ ಕೂತು ನೋಡುತ್ತಾರೆ! ಹಾಗಾದರೆ ಓದುವುದೇಕೆ ತಪ್ಪು, ನೋಡುವುದೇಕೆ ಸರಿ?

ಕನ್ನಡಿಗರಿಗೆ ಈ ರುಚಿ ಹಚ್ಚಿದವರು ಎನ್. ನರಸಿಂಹಯ್ಯ. ನಾಲ್ಕನೆಯ ಇಯತ್ತೆಯವರೆಗಷ್ಟೇ ಕಲಿತ ಅವರು ‘ಪತ್ತೇದಾರ ಪುರುಷೋತ್ತಮ’ನಿಂದ ಮೊದಲಾಗಿ ನೂರಾರು ಕಾದಂಬರಿ ಬರೆದರು. ಬಂಗಾಳಿಯಲ್ಲಿ ಶರದಿಂದು ಬಂದ್ಯೋಪಾಧ್ಯಾಯ 1932ರಲ್ಲಿ ಬ್ಯೋಮಕೇಶ ಬಕ್ಷಿಯನ್ನು ಸೃಷ್ಟಿಸಿ, ಅವನ 32 ಪೂರ್ಣ ಕಥೆಗಳನ್ನು ಬರೆದರು. ಬಾಸು ಚಟರ್ಜಿ ನಿರ್ದೇಶಿಸಿದ ಇದರ ಹಿಂದಿ ಧಾರಾವಾಹಿ 1993ರಲ್ಲಿ ದೂರದರ್ಶನಕ್ಕೆ ಬಂದು ದೇಶದ ಮನೆಮಾತಾಯಿತು.

ಬ್ಯೋಮಕೇಶನ ಹೆಚ್ಚಿನ ಕಥೆಗಳನ್ನು ಹೇಳುವವನು ಗೆಳೆಯ ಅಜಿತ. ಅವನು ಕಂಡಷ್ಟೇ ನಮಗೂ ಕಾಣುತ್ತದೆ. ಜಲಪಾತದ ನೀರಿನ ಬಲದಿಂದ ಗೋಕಾಕದ ಗಿರಣಿ ತಿರುಗತೊಡಗಿದ 1887ರಲ್ಲೇ ಕಾನನ್ ಡಾಯ್ಲ್ ಕೂಡ ಷರ್ಲಾಕ್ ಹೋಮ್ಸ್‌ನ ಮೊದಲ ಕಥೆಯನ್ನು ವಾಟ್ಸನ್ ಬಾಯಿಂದ ಹೇಳಿಸಿದ್ದ. ಗೆಳೆಯನ ಕಣ್ಣು ಅಷ್ಟು ಚುರುಕಲ್ಲದ ಕಾರಣಕ್ಕೇ ಗುಟ್ಟು ಕೊನೆಯವರೆಗೆ ಉಳಿಯುತ್ತದೆ.

ಟಿ.ವಿ.ಯಲ್ಲಿ ಆ ಮರೆ ಸರಿಯುತ್ತದೆ. ‘ಸತ್ಯಾನ್ವೇಷಿ’ ಕಥೆಯಲ್ಲಿ ಕಲಕತ್ತೆಯ ಒಂದು ಮೆಸ್ಸಿಗೆ ಅತುಲ ಎಂಬ ಅಪರಿಚಿತ ಬರುತ್ತಾನೆ. ಅವನೇ ಬ್ಯೋಮಕೇಶನೆಂದು ಓದುಗನಿಗೆ ತಿಳಿಯುವುದು ಬಹಳ ತಡವಾಗಿ. ಅಲ್ಲಿಯವರೆಗೆ ಅವನ ಮೇಲೂ ಸಂಶಯ ಪಡಬಹುದು. ಧಾರಾವಾಹಿಯಲ್ಲಿ ಅತುಲನಾಗಿ ರಜಿತ್ ಕಪೂರ್ ಬಾಗಿಲಲ್ಲಿ ನಿಂತೊಡನೆ ನಾಯಕ ಯಾರೆಂದು ಪ್ರೇಕ್ಷಕನಿಗೆ ಗೊತ್ತಾಗಿಬಿಡುತ್ತದೆ. ಇದು ನಿರ್ದೇಶಕರ ತಪ್ಪಲ್ಲ. ಹೆಸರನ್ನು ಮುಚ್ಚಿಡಬಹುದು, ಮುಖವನ್ನು ಮುಚ್ಚಿಡುವುದು ಹೇಗೆ?

ಪರದೆಯಿಂದ ಲಾಭವೂ ಉಂಟು. ಕಲಕತ್ತೆಯನ್ನು ಕಾಣದ ಹಳ್ಳಿಯ ಹುಡುಗಿಗೂ ಅಲ್ಲಿನ ಮನೆಗಳು, ಉಡುಪು, ಮಾತಿನ ಧಾಟಿ ಪರಿಚಯವಾಗುತ್ತವೆ. ಅಬ್ಬರವಿಲ್ಲದೆ, ಹೊಡೆದಾಟವಿಲ್ಲದೆ, ಬರೀ ಬುದ್ಧಿಯಿಂದ ಗೆಲ್ಲುವ ನಾಯಕನನ್ನು ರಜಿತ್ ಕಪೂರ್ ತೋರಿಸಿಕೊಟ್ಟರು. ಆದರೆ ದೃಶ್ಯ ಓಡುತ್ತಲೇ ಇರುತ್ತದೆ, ಯೋಚಿಸಲು ನಿಲ್ಲುವುದಿಲ್ಲ. ಪುಟ ಮಾತ್ರ ನಾವು ತಿರುವುವವರೆಗೆ ಕಾಯುತ್ತದೆ.

ಆದ್ದರಿಂದ ಪಾಲಕರು ಪುಸ್ತಕ ಕಸಿದುಕೊಳ್ಳುವ ಬದಲು ಒಂದು ಕೆಲಸ ಮಾಡಬಹುದು. ಅಭ್ಯಾಸ, ಓದು, ಟಿ.ವಿ. ಮೂರಕ್ಕೂ ಹೊತ್ತು ಗೊತ್ತು ಮಾಡಲಿ. ಪುಸ್ತಕದ ಕೊನೆಯ ಅಧ್ಯಾಯಕ್ಕೆ ಮೊದಲು ಮಗುವನ್ನು ನಿಲ್ಲಿಸಿ, ಸಂಶಯ ಯಾರ ಮೇಲೆ, ಯಾವ ಸುಳಿವಿನಿಂದ ಎಂದು ಹಾಳೆಯಲ್ಲಿ ಬರೆಸಲಿ. ಆಮೇಲೆ ಮುಗಿಸಿ, ಧಾರಾವಾಹಿಯನ್ನೂ ಜೊತೆಗೇ ನೋಡಲಿ. ಊಹೆ ತಪ್ಪಿದರೆ ಇನ್ನೂ ಒಳ್ಳೆಯದು: ಕಣ್ಣೆದುರೇ ಇದ್ದ ಯಾವ ಸುಳಿವು ಕೈತಪ್ಪಿತೆಂದು ಹಿಂದಿನ ಪುಟಗಳಲ್ಲಿ ಹುಡುಕಬೇಕಾಗುತ್ತದೆ.

ಹಾಗೆ ಹುಡುಕುವ ಹುಡುಗ ಗಣಿತದ ಲೆಕ್ಕ ತಪ್ಪಿದಾಗಲೂ ಉತ್ತರವನ್ನಷ್ಟೇ ನೋಡಿ ಬಿಡುವುದಿಲ್ಲ. ಯಾವ ಸಾಲಿನಲ್ಲಿ ಎಡವಿದೆನೆಂದು ಹಿಂದೆ ಹೋಗಿ ನೋಡುತ್ತಾನೆ. ಈ ಅಭ್ಯಾಸ ಕಲಿಸುವ ಪುಸ್ತಕವನ್ನು ಪಠ್ಯದ ಮರೆಯಲ್ಲಿ ಓದಬೇಕಾದ ಕಾರಣವಿಲ್ಲ.