ಕೂಟವಿಲ್ಲದ ಕ್ರೀಡಾಕೂಟ

ಕನ್ನಡ ಮೇಷ್ಟರಿಗೆ ಆಟದ ಬಯಲಿನಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಮೈಕು ಹಿಡಿಯುವ ಕೆಲಸ. ಸ್ವಾಗತ, ನಿರೂಪಣೆ, ವಂದನಾರ್ಪಣೆ, ಪ್ರಶಸ್ತಿಪತ್ರಗಳ ಮೇಲೆ ದುಂಡಗಿನ ಅಕ್ಷರದಲ್ಲಿ ಹೆಸರು ಬರೆಯುವುದು, ಇವಿಷ್ಟೂ ವಾಡಿಕೆಯಂತೆ ಕನ್ನಡ ವಿಭಾಗದ ಪಾಲಿಗೆ. ಹೀಗಾಗಿ ಒಂದು ದಿನವೂ ಓಡದ, ಆಡದ ನಾನು, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹುಡುಗ ಹುಡುಗಿಯರ ಆಟೋಟಗಳನ್ನು ಹದಿನೈದು ವರ್ಷಗಳಿಂದ ಶಾಮಿಯಾನದ ನೆರಳಿನಲ್ಲಿ ಕುಳಿತು ನೋಡುತ್ತ ಬಂದಿದ್ದೇನೆ. ನೋಡಿ ನೋಡಿ ಒಳಗೆ ಕೂಡಿದ ಸಿಟ್ಟು ಈ ಬರಹಕ್ಕೆ ಕಾರಣ.

ಕೆಲವು ವರ್ಷಗಳ ಹಿಂದಿನ ಮಾತು. ಯಾವ ಕೂಟ, ಯಾವ ಬಯಲು ಎಂಬುದು ಬೇಡ. ಮಾಗಡಿ ಕಡೆಯ ಹಳ್ಳಿಯೊಂದರಿಂದ ಹುಡುಗಿಯರ ಕಬಡ್ಡಿ ತಂಡ ಬಂದಿತ್ತು. ಹನ್ನೆರಡು ಜನರಿರಬೇಕಾದಲ್ಲಿ ಎಂಟೇ ಜನ. ಮಿಕ್ಕವರೆಲ್ಲಿ ಎಂದರೆ, "ಅವ್ರ ಮನೇಲಿ ಹುಳ ಹಣ್ಣಾಗವೆ ಸಾರ್" ಎಂದಳು ನಾಯಕಿ. ರೇಷ್ಮೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೇಟೆಯ ಓದುಗರಿಗಾಗಿ ಹೇಳುತ್ತೇನೆ: ನಾಲ್ಕನೆಯ ಜ್ವರ ಎದ್ದ ಹುಳು ವಾರ ಕಳೆಯುವಷ್ಟರಲ್ಲಿ ಹಣ್ಣಾಗುತ್ತದೆ, ಆಗ ಅದನ್ನು ಆರಿಸಿ ಚಂದ್ರಿಕೆಗೆ ಬಿಡಲು ಮನೆಯಲ್ಲಿರುವ ಒಂದೊಂದು ಕೈಯೂ ಬೇಕು. ಅದು ಕಾಯುವ ಕೆಲಸವಲ್ಲ. ಅಂಥ ಹೊತ್ತಿನಲ್ಲೂ ಎಂಟು ಹುಡುಗಿಯರು ನಸುಕಿನಲ್ಲೆದ್ದು ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಉದ್ಘಾಟನೆ ಮುಗಿದು ಅವರ ಸರದಿ ಬಂದಾಗ ಮಧ್ಯಾಹ್ನ ಹನ್ನೆರಡು. ಏಳು ಜನ ಅಂಕಣದೊಳಗೆ, ಒಬ್ಬಳು ಹೊರಗೆ. ನಾಲ್ಕು ಅಂಕಗಳಿಂದ ಸೋತರು. ಮೊಣಕೈಯ ಮಣ್ಣು ಒರೆಸಿಕೊಳ್ಳುತ್ತ ನಾಯಕಿ ನನ್ನ ಮೇಜಿನ ಬಳಿ ಬಂದು, "ನಮ್ದು ಇನ್ನೊಂದು ಮ್ಯಾಚು ಯಾವಾಗ ಸಾರ್?" ಎಂದಳು. ಇನ್ನೊಂದಿಲ್ಲ, ಸೋತವರು ಮನೆಗೆ. ಪಟ್ಟಿಯಲ್ಲಿ ಅವರ ತಂಡದ ಹೆಸರಿನ ಮೇಲೆ ಗೀಟೆಳೆದವನು ನಾನೇ.

ತರಗತಿಯಲ್ಲಿ ಕೃದಂತ ಭಾವನಾಮ ಹೇಳಿಕೊಡುವಾಗ ಹಲಗೆಯ ಮೇಲೆ ಬರೆಯುತ್ತೇನೆ: ಓಡು, ಓಟ, ಆಡು, ಆಟ, ಕೂಡು, ಕೂಟ. ನಮ್ಮ ಕ್ರೀಡಾಕೂಟಗಳಲ್ಲಿ ಓಟವುಂಟು, ಆಟವುಂಟು. ಕೂಡುವುದೊಂದು ಮಾತ್ರ ಇಲ್ಲ. ದಸರಾ ಕ್ರೀಡಾಕೂಟವನ್ನೇ ನೋಡಿ. ಮೊದಲು ತಾಲ್ಲೂಕು, ಆಮೇಲೆ ಜಿಲ್ಲೆ, ಆಮೇಲೆ ವಿಭಾಗ, ಕಡೆಗೆ ಮೈಸೂರು. ಶಾಲಾ ಮಕ್ಕಳ ಕೂಟಗಳಿಗೆ ಇವೆಲ್ಲದರ ಕೆಳಗೆ ಹೋಬಳಿಯೆಂಬ ಇನ್ನೊಂದು ಮೆಟ್ಟಿಲು. ಹಳ್ಳಿಯ ಹುಡುಗನೊಬ್ಬ ಚಾಮುಂಡಿ ವಿಹಾರ ಕ್ರೀಡಾಂಗಣದವರೆಗೆ ಹತ್ತಬಹುದಾದ ಏಣಿ ಅದು. ಏಣಿಯ ಮೇಲೆ ನನಗೆ ಜಗಳವಿಲ್ಲ. ಒಂದೊಂದು ಮೆಟ್ಟಿಲನ್ನೂ ಜರಡಿ ಮಾಡಿಟ್ಟಿದ್ದೇವಲ್ಲ, ಅದರ ಮೇಲೆ ಜಗಳ. ಹದಿನಾರು ತಂಡ ಬಂದರೆ ಎಂಟು ತಂಡ ಒಂದೇ ಪಂದ್ಯ ಆಡಿ ಊರಿಗೆ ಹೊರಡುತ್ತವೆ. ನೂರು ಮೀಟರ್ ಓಡುವ ಹುಡುಗಿಯ ಪಾಡು ಇನ್ನೂ ಚೆನ್ನ: ಇಡೀ ದಿನದ ಪಯಣಕ್ಕೆ ಹದಿನೈದು ಸೆಕೆಂಡಿನ ಓಟ.

"ಪ್ರತಿಭಾನ್ವೇಷಣೆ ಸ್ವಾಮಿ, ಎಲ್ಲರನ್ನೂ ಆಡಿಸುತ್ತ ಕೂರಲಾದೀತೇ?" ಎನ್ನುವ ಮಹನೀಯರಿದ್ದಾರೆ. ಅನ್ವೇಷಣೆಯೇ ಗುರಿಯಾದರೂ ಈ ಜರಡಿ ಕೆಟ್ಟ ಜರಡಿ. ಎರಡನೆಯ ಸ್ಥಾನಕ್ಕೆ ಯೋಗ್ಯವಾದ ತಂಡ ಮೊದಲ ಸುತ್ತಿನಲ್ಲೇ ಮೊದಲನೆಯ ತಂಡದ ಕೈಗೆ ಸಿಕ್ಕಿದರೆ, ಎಲ್ಲಕ್ಕಿಂತ ದುರ್ಬಲ ತಂಡದ ಜೊತೆಗೇ ಬಸ್ಸು ಹತ್ತಬೇಕು. ಚೀಟಿ ಎತ್ತಿದವನ ಕೈಗುಣವನ್ನು ಪ್ರತಿಭೆಯೆಂದು ಕರೆಯುತ್ತಿದ್ದೇವೆ.

ಎಲ್ಲರನ್ನೂ ಆಡಿಸಲಾದೀತೇ? ನಾನು ಗಣಿತದವನಲ್ಲ, ಆದರೂ ಬೆರಳು ಮಡಿಸಿ ಎಣಿಸಿದ್ದೇನೆ. ಕನಕಪುರದಿಂದ ಬೇರೆಯಾದ ಹಾರೋಹಳ್ಳಿಯೂ ಸೇರಿ ಜಿಲ್ಲೆಯಲ್ಲಿ ಈಗ ಐದು ತಾಲ್ಲೂಕು. ಪ್ರತಿಯೊಂದೂ ಉಳಿದೆಲ್ಲವುಗಳೊಡನೆ ಆಡಿದರೆ ಒಟ್ಟು 10 ಪಂದ್ಯ, ಒಂದೊಂದು ತಂಡಕ್ಕೆ ನಾಲ್ಕು. ಹೆಂಗಸರ ಕಬಡ್ಡಿ, ಬಿಡುವು ಸೇರಿ, 35 ನಿಮಿಷ. ಎರಡು ಅಂಕಣ ಗೀಚಿದರೆ ನಾಲ್ಕು ಗಂಟೆಯೊಳಗೆ ಹತ್ತೂ ಮುಗಿಯುತ್ತವೆ. ಮಕ್ಕಳಿಗೆ ದಣಿವಾದೀತೆಂದರೆ ಎರಡು ದಿನಕ್ಕೆ ಹಂಚಿ. ಅದಕ್ಕೂ ಹೊತ್ತಿಲ್ಲವೆನ್ನುವವರು ಉದ್ಘಾಟನೆಯ ಭಾಷಣಗಳಿಗೆ ಹಿಡಿದ ಹೊತ್ತನ್ನು ಒಮ್ಮೆ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಲಿ. (ಆ ಪಾಪದಲ್ಲಿ ನಿರೂಪಕನ ಪಾಲೂ ಇದೆ, ಒಪ್ಪಿದೆ.)

ಲಂಡನ್ನಿನಲ್ಲಿ 1977ರಿಂದ ಕಿರಿಯರ ಆಟಗಳು ನಡೆಯುತ್ತ ಬಂದಿವೆ. ಅಲ್ಲಿನ 32 ಬರೋಗಳೂ ಹಳೆಯ ನಗರಭಾಗವೂ ಒಂದಕ್ಕೊಂದು ಎದುರಾಗುತ್ತವೆ. 2012ರ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದ ಮೊ ಫರಾ ಹುಡುಗನಾಗಿದ್ದಾಗ ಅಲ್ಲಿ ಓಡಿದವನೇ. ನನಗೆ ಹಿಡಿಸಿದ್ದು ಚಿನ್ನವಲ್ಲ, ಲೆಕ್ಕ: ಎಲ್ಲ ಆಟಗಳ ಅಂಕಗಳನ್ನೂ ಕೂಡಿಸಿ ಯಾವ ಬರೋ ಮುಂದೆಂದು ನೋಡುತ್ತಾರೆ. ಆ ಲೆಕ್ಕ ನಮ್ಮಲ್ಲಿದ್ದರೆ, ಕನಕಪುರದ ಹುಡುಗ ಉದ್ದಜಿಗಿತದಲ್ಲಿ ನಾಲ್ಕನೆಯವನಾದರೂ ಅವನ ತಾಲ್ಲೂಕಿಗೆ ಒಂದು ಅಂಕ ಬಂದೀತು. ಎದೆಯ ಮೇಲಿನ ಊರಿನ ಹೆಸರಿಗೆ ಅರ್ಥ ಬಂದೀತು. ಈಗ ಗೆದ್ದವನು ಒಬ್ಬನೇ ಮೇಲೆ ಹೋಗುತ್ತಾನೆ, ತಾಲ್ಲೂಕು ಅಂಗಿಯ ಮೇಲಷ್ಟೇ ಉಳಿಯುತ್ತದೆ. ದೇಶದ ಮಕ್ಕಳಿಗೆಲ್ಲ ಬುಗುರಿ ಕಡೆದುಕೊಡುವ ಚನ್ನಪಟ್ಟಣ ನಮ್ಮಲ್ಲೇ ಇರುವಾಗ, ಆಟವೆಂದರೇನೆಂದು ಲಂಡನ್ನಿನವರಿಂದ ಕೇಳಿ ತಿಳಿಯಬೇಕಾಗಿ ಬಂದದ್ದು ನಾಚಿಕೆಯ ವಿಷಯ.

ಇನ್ನೊಂದು ತಕರಾರು ದಾರಿಯದು. ಜಿಲ್ಲೆಯ ಕೂಟವೆಂದರೆ ಸಾಮಾನ್ಯವಾಗಿ ಜಿಲ್ಲಾ ಕೇಂದ್ರ. ರಾಮನಗರಕ್ಕೂ ಚನ್ನಪಟ್ಟಣಕ್ಕೂ ಮೈಸೂರಿನ ರೈಲಿದೆ, ಹೆದ್ದಾರಿಯಿದೆ. ಮಾಗಡಿಗೂ ಕನಕಪುರಕ್ಕೂ ರೈಲಿಲ್ಲ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದೆವು. 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ಮಾಗಡಿಯ ಹಳ್ಳಿಯಿಂದ ಬರುವ ಹುಡುಗಿಗೆ ಬಸ್ಸು ಮಾತ್ರ ಅವೇ ಎರಡು. ಕೂಟವನ್ನು ಸರದಿಯ ಮೇಲೆ ಊರೂರಿಗೆ ಒಯ್ದರೆ ಕಟ್ಟುವುದೇನು? ಶಾಮಿಯಾನ, ಸುಣ್ಣದ ಗೆರೆ, ಕುಡಿಯುವ ನೀರು, ಊಟ. ಮಾಗಡಿಯವರು ಒಂದು ಸಲ ತಮ್ಮೂರಿನಲ್ಲಿ ತಮ್ಮವರ ಕೂಗಿನ ನಡುವೆ ಆಡಲಿ; ನಸುಕಿನ ಬಸ್ಸು ರಾಮನಗರದವರಿಗೂ ಒಂದು ವರ್ಷ ಪರಿಚಯವಾಗಲಿ. ದಿನಾಂಕ ಗೊತ್ತುಮಾಡುವ ಮುನ್ನ ಹುಳು ಯಾವ ಜ್ವರದಲ್ಲಿದೆಯೆಂದು ನಾಲ್ಕು ಮನೆಗಳಲ್ಲಿ ವಿಚಾರಿಸಲಿ.

ಮುಂದಿನ ವರ್ಷವೇ ಮಾಗಡಿಯಲ್ಲಿ ಇಡುವುದಾದರೆ ಮೈಕು ಹಿಡಿಯಲು ನಾನು ಮೊದಲ ಬಸ್ಸಿಗೇ ಬರುತ್ತೇನೆ. ಸ್ವಾಗತ ಭಾಷಣ ಎರಡೇ ನಿಮಿಷ.