ಹೆಬ್ಬೆಟ್ಟಿನ ಬರವಣಿಗೆ

ನಮ್ಮ ಮಾತಿನಲ್ಲಿ ‘ಹೆಬ್ಬೆಟ್ಟು’ ಎಂಬ ಪದವು ಬೆರಳೊಂದನ್ನು ಸೂಚಿಸುವುದಕ್ಕೆ ಮೊದಲು ನಿರಕ್ಷರಿಯೊಬ್ಬನನ್ನು ಕಣ್ಣ ಮುಂದೆ ತಂದು ನಿಲ್ಲಿಸುತ್ತದೆ; ಸಾಲಪತ್ರದ ಅಡಿಯಲ್ಲಿ ನೀಲಿ ಮಸಿಯ ಗುರುತನ್ನೊತ್ತಿ, ಒತ್ತಿದ್ದು ಯಾವುದಕ್ಕೆಂಬುದನ್ನು ಪರರ ಬಾಯಿಂದ ಕೇಳಿ ತಿಳಿಯಬೇಕಾಗಿದ್ದವನ ಚಿತ್ರವದು. ಅಕ್ಷರ ಬಲ್ಲವರ ನಡುವೆಯಾದರೂ ಈ ಬೆರಳಿಗೆ ಮರ್ಯಾದೆ ಸಂದಿತೆಂದಿಲ್ಲ. ನಾನು ಎಳೆಯನಾಗಿ ಸೇರಿದ್ದ ಟೈಪಿಂಗ್ ಶಾಲೆಯಲ್ಲಿ ಎಂಟು ಬೆರಳುಗಳಿಗೂ ಅಕ್ಷರಗಳ ಹಂಚಿಕೆಯಾಗಿ, ಹೆಬ್ಬೆರಳ ಪಾಲಿಗೆ ಉಳಿದದ್ದು ಪದಪದಗಳ ನಡುವಣ ಶೂನ್ಯವೊಂದೇ.

ಇಂತಹ ಉಪೇಕ್ಷಿತ ಬೆರಳು ಲೇಖಕಪದವಿಗೇರಿದುದು ಅಂಗೈ ಯಂತ್ರಗಳ ಕಾಲದಲ್ಲಿ, ಅದೂ ಬಳಸುದಾರಿಯಲ್ಲಿ. 1993ರಲ್ಲಿ ಆಪಲ್ ಸಂಸ್ಥೆಯ ನ್ಯೂಟನ್ ಯಂತ್ರವು ಮನುಷ್ಯನ ಕೈಬರಹವನ್ನು ಇದ್ದಂತೆಯೇ ಓದಿಕೊಳ್ಳಲು ಹೊರಟು, ಬರೆದುದೊಂದು ಓದಿದುದೊಂದಾಗಿ ನಗೆಗೀಡಾಯಿತು. ಮೂರು ವರ್ಷಗಳ ತರುವಾಯ ಬಂದ ಪೈಲಟ್‌ನ ಕರ್ತೃವಾದ ಜೆಫ್ ಹಾಕಿನ್ಸ್, ಯಂತ್ರವು ಹುಟ್ಟುವ ಮುನ್ನವೇ ಅದರ ಅಳತೆಯ ಮರದ ತುಂಡೊಂದನ್ನು ಕಿಸೆಯಲ್ಲಿಟ್ಟುಕೊಂಡು, ಸಭೆಗಳಲ್ಲಿ ಅದನ್ನು ಹೊರತೆಗೆದು ಬರೆದುಕೊಳ್ಳುವಂತೆ ನಟಿಸುತ್ತಿದ್ದನಂತೆ. ಆತನು ಕಂಡುಕೊಂಡ ಉಪಾಯವು ವಿಪರೀತವಾದದ್ದು: ಯಂತ್ರವು ಮನುಷ್ಯನ ಕೈಯನ್ನು ಕಲಿಯಲಾರದಿದ್ದರೆ ಮನುಷ್ಯನೇ ಯಂತ್ರದ ಲಿಪಿಯನ್ನು ಕಲಿಯತಕ್ಕದ್ದು. ಗ್ರಾಫಿಟಿಯೆಂಬ ಆ ಲಿಪಿಯಲ್ಲಿ ಬಹುಮಟ್ಟಿಗೆ ಅಕ್ಷರಕ್ಕೊಂದೇ ಗೀರು. ಇಂಗ್ಲಿಷಿನ ದೊಡ್ಡ ‘ಎ’ ತನ್ನ ಅಡ್ಡಗೆರೆಯನ್ನು ಕಳೆದುಕೊಂಡು ಮಾಡಿನ ಇಳಿಜಾರಿನಂತೆ ನಿಲ್ಲುತ್ತಿತ್ತು. ಲಕ್ಷಾಂತರ ಜನ ಇದನ್ನು ಕಲಿತರು. ಆದರೆ 1999ರಲ್ಲಿ ಕೆನಡಾದಿಂದ ಬ್ಲ್ಯಾಕ್‌ಬೆರಿ ಬಂದು ಕಿರುಗುಂಡಿಗಳ ರುಚಿಯನ್ನು ಹಿಡಿಸಿತು. 2002ರಲ್ಲಿ ಹಾಕಿನ್ಸನ ಹೊಸ ಸಂಸ್ಥೆಯೇ ತನ್ನ ಟ್ರಿಯೊ ಯಂತ್ರದ ಬುಡದಲ್ಲಿ ಕೀಲಿಮಣೆಯನ್ನು ಕೂರಿಸಿತು. ಗ್ರಾಫಿಟಿಯ ಜನಕನೇ ಗುಂಡಿಗೆ ಶರಣಾದ ಮೇಲೆ ವಾದವು ಮುಗಿದಂತೆಯೇ ಎಂದು ನನಗೆ ಅಂದು ತೋರಿತು, ಇಂದಿಗೂ ತೋರುತ್ತಿದೆ.

ಆ ಹೊತ್ತಿಗೆ ಅಮೆರಿಕದಿಂದ ರಜೆಗೆ ಬಂದ ನನ್ನ ಸೋದರಳಿಯನು ತಾನು ಬಳಸಿ ಬಿಟ್ಟ ಅಂಗೈ ಯಂತ್ರವೊಂದನ್ನೂ ಅದರ ಬುಡಕ್ಕೆ ಸಿಕ್ಕಿಸುವ ಕಿರುಗೀಲಿಮಣೆಯೊಂದನ್ನೂ “ಇಟ್ಕೊಳ್ಳಿ ಮಾವ, ಡೈರಿ ಬರೆಯೋದಕ್ಕಾಗತ್ತೆ” ಎಂದು ಕೊಟ್ಟುಹೋದ. ದಾಳಿಂಬೆ ಕಾಳಿನಷ್ಟು ಗುಂಡಿಗಳು; ನನ್ನ ಹೆಬ್ಬೆರಳೊಂದು ಕೂತರೆ ಮೂರು ಗುಂಡಿಗಳು ಅದರ ನೆರಳಿನಲ್ಲಿ ಅಡಗುತ್ತಿದ್ದವು. ಮೊದಲ ವಾರ ಕೋಪ, ಎರಡನೆಯ ವಾರ ಹಟ. ಮೂರನೆಯ ವಾರದಲ್ಲಿ, ಬೆರಳ ತುದಿಯ ಮಾಂಸಕ್ಕಿಂತ ಉಗುರಿನ ಅಂಚು ಹೆಚ್ಚು ಚತುರವೆಂಬ ರಹಸ್ಯವು ತಾನಾಗಿ ಹೊಳೆದು, ಪ್ರತಿಯೊಂದು ಗುಂಡಿಯ ಉಬ್ಬನ್ನೂ ಅದು ಕೆಳಗಿಳಿವಾಗಿನ ಸಣ್ಣ ‘ಟಿಕ್’ಕನ್ನೂ ಬೆರಳೇ ಅರಿತುಕೊಂಡು, ಕಣ್ಣು ತರಕಾರಿಯವಳ ತಕ್ಕಡಿಯ ಮೇಲಿರುವಾಗಲೂ ಕೈ ಬರೆಯತೊಡಗಿತು. ಉದ್ದನೆಯ ಕಾಗದ ಬರೆಯಹೊರಟರೆ ಮಾತ್ರ ಹೆಬ್ಬೆರಳ ಬುಡದಲ್ಲಿ ನೋವು. ಆ ನೋವೇ ನನಗೆ ಸಂಪಾದಕನಾಗಿ, ಮೂರು ವಾಕ್ಯಗಳ ಮಾತನ್ನು ಒಂದರಲ್ಲಿ ಹೇಳುವುದನ್ನು ಕಲಿಸಿತು. (ಈ ಲೇಖನವನ್ನು ಅದರಲ್ಲಿ ಬರೆದಿಲ್ಲವೆಂಬುದು ಓದುಗರಿಗೆ ಈಗಾಗಲೇ ತಿಳಿದಿರಬೇಕು.)

ನನ್ನ ದೂರು ಬೇರೆಯದು. ಆ ಯಂತ್ರಕ್ಕೆ ಕನ್ನಡ ಬಾರದು. ರೋಮನ್ ಲಿಪಿಯಲ್ಲಿ ನಾನು ಬರೆದಿಟ್ಟ ಸಾಮಾನಿನ ಪಟ್ಟಿಯಲ್ಲಿ ಬೆಲೆ, ಬೆಳೆ, ಬೇಳೆ ಮೂರೂ ಒಂದೇ ವೇಷದಲ್ಲಿ ನಿಂತು, ಅಂಗಡಿಯ ಮುಂದೆ ನನ್ನನ್ನು ಪೇಚಿಗೆ ಸಿಲುಕಿಸಿದ್ದುಂಟು. ಆದರೆ ಸಣ್ಣ ಕೀಲಿಮಣೆಗೆ ಕನ್ನಡದ ಬಹ್ವಕ್ಷರಗಳು ಹೊರೆಯಾಗುವುವೆಂಬ ಮಾತನ್ನು ನಾನೊಪ್ಪಲಾರೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವು ಇಂಗ್ಲಿಷಿನ 26 ಕೀಲಿಗಳಲ್ಲೇ ನಮ್ಮ ವರ್ಣಮಾಲೆಯನ್ನು ಅಡಗಿಸಿ, ಗುಣಿತಾಕ್ಷರ ಒತ್ತಕ್ಷರಗಳನ್ನು ಯಂತ್ರವೇ ಕೂಡಿಸಿಕೊಳ್ಳುವಂತೆ ಮಾಡಿದೆ. ಅಷ್ಟೇ ಗುಂಡಿಗಳು ಎರಡು ಹೆಬ್ಬೆರಳುಗಳ ನಡುವೆ ಹಿಡಿಯುತ್ತವೆ. ನಮ್ಮ ಬೆಂಗಳೂರಿನಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ಕಲ್ಪಿಸಿದ ಸಿಂಪ್ಯೂಟರ್, ಓದಲು ಬಾರದವನಿಗೂ ದೇಶಭಾಷೆಯಲ್ಲಿ ಓದಿ ಹೇಳಬೇಕೆಂಬ ಘನವಾದ ಆಶಯದಿಂದ ಹುಟ್ಟಿ, 2004ರಲ್ಲಿ ಅಮಿಡಾ ಎಂಬ ಹೆಸರಿನಿಂದ ಮಾರುಕಟ್ಟೆಗೂ ಬಂತು. ಹೆಬ್ಬೆಟ್ಟಿನವರಿಗಾಗಿ ಹುಟ್ಟಿದ ಆ ಯಂತ್ರವು ಪರದೆಯ ಮೇಲೆ ಬರೆಯುವ ಕಡ್ಡಿಯನ್ನು ನೆಚ್ಚದೆ, ರಾವ್ ಅವರ ವಿನ್ಯಾಸದ ಗುಂಡಿಗಳ ಸಾಲೊಂದನ್ನು ತನ್ನ ಬುಡದಲ್ಲಿ ಧರಿಸಿದ್ದರೆ ಎಂದು ನಾನು ಅನೇಕ ಸಲ ಹಂಬಲಿಸಿದ್ದೇನೆ.

2007ರಲ್ಲಿ ಐಫೋನ್ ಬಂದು ಗುಂಡಿಗಳನ್ನು ಗಾಜಿನೊಳಕ್ಕೆ ನುಂಗಿದ ಮೇಲೆ ಕನ್ನಡಕ್ಕೆ ಕ್ರಮೇಣ ಸ್ಥಳ ದೊರೆತುದನ್ನು ನಾನು ಕೃತಘ್ನನಾಗಿ ಮರೆಮಾಚೆನು. ಗಾಜಿನ ಮೇಲಿನ ಕೀಲಿಮಣೆಗೆ ಎಷ್ಟು ಲಿಪಿಗಳಾದರೂ ಸಮಾನ. ಆದರೆ ಅಲ್ಲಿ ಬೆರಳಿಗೆ ತಿಳಿಯುವಂಥದೇನೂ ಇಲ್ಲವಾದ್ದರಿಂದ ಕಣ್ಣು ಸೆರೆಯಾಳಾಗುತ್ತದೆ. ಬೆರಳು ತಪ್ಪುವುದು ಸಹಜವಾದ್ದರಿಂದ ಯಂತ್ರವು ಊಹೆಗಿಳಿದು, ನಾನು ಆಡದ ಮಾತನ್ನು ನನ್ನ ಬಾಯಿಗೆ ತುರುಕುತ್ತದೆ. ಗುಂಡಿಗೆ ಅಂತಹ ಅತಿವಿನಯವಿರಲಿಲ್ಲ. ತಪ್ಪು ಒತ್ತಿದರೆ ತಪ್ಪನ್ನೇ ಬರೆದು, ಅದರ ಹೊಣೆಯನ್ನು ನನ್ನಲ್ಲಿಯೇ ಉಳಿಸುತ್ತಿತ್ತು. ಕನ್ನಡದ ಅಕ್ಷರಗಳನ್ನು ಕೆತ್ತಿದ, ಫೋನಿಗೆ ಸಿಕ್ಕಿಸಬಹುದಾದ ಅಂತಹ ಕಿರುಮಣೆಯೊಂದನ್ನು ಯಾರಾದರೂ ಮಾಡಿ ಮಾರುವುದಾದರೆ, ಪಿಂಚಣಿಯ ಹಣದಲ್ಲಿ ಮೊದಲನೆಯದನ್ನು ಕೊಳ್ಳುವವನು ನಾನು.

ಹಳೆಯ ಮಣೆ ಇನ್ನೂ ಮೇಜಿನ ಖಾನೆಯಲ್ಲಿದೆ. ರೋಮನ್ ಲಿಪಿಯಲ್ಲಿ ಬರೆದ ಕನ್ನಡವು ವ್ಯಂಜನಕ್ಕೊಂದು ಅಕಾರವನ್ನು ಬೇಡಿದ್ದರಿಂದ ‘ಎ’ ಗುಂಡಿಯ ಮೇಲಣ ಅಕ್ಷರವು ಅಳಿಸಿಹೋಗಿದೆ. ಪದಗಳ ನಡುವೆ ತೆರಪು ಬಿಡುವ ಗುಂಡಿ ಮಾತ್ರ ಹೊಸದರಂತಿದೆ; ಅಕ್ಷರಗಳ ಅಧಿಕಾರ ಕೈಗೆ ಬಂದದ್ದೇ ತಡ, ನನ್ನ ಹೆಬ್ಬೆರಳು ತನ್ನ ಹಳೆಯ ಉದ್ಯೋಗವನ್ನು ಮರೆತು, ಪದಗಳನ್ನೆಲ್ಲ ಒಂದಕ್ಕೊಂದು ಅಂಟಿಸಿಯೇ ಬರೆಯುತ್ತಿತ್ತು.